ಮಂಗಳವಾರ ತೋರಿಸಿದ ಮನೆ

ಬೀಗದಕ್ಕನ ಸೊಂಟದ ಗೊಂಚಲಿನಲ್ಲಿ ಹದಿನೈದಕ್ಕೆ ಕಡಿಮೆ ಬೀಗದಕೈ ಇದ್ದ ದಿನವೇ ಇಲ್ಲ. ಅದರಲ್ಲಿ ಸ್ವಂತ ಮನೆಯದು ಒಂದೇ ಒಂದು. ಮಿಕ್ಕದ್ದೆಲ್ಲ ಊರವರದು. ಬೇರೆ ಊರಿಗೆ ಹೊರಟವರು, ಬಾಡಿಗೆಯವರು ಬಿಟ್ಟುಹೋದ ಮನೆಯವರು, ಅಣ್ಣತಮ್ಮಂದಿರು ಕಿತ್ತಾಡಿ ಬಾಗಿಲು ಜಡಿದುಕೊಂಡವರು, ಎಲ್ಲರೂ ಬೀಗದಕೈ ತಂದು ಅವಳ ಅಂಗೈಗೆ ಹಾಕಿ ನಿಶ್ಚಿಂತೆಯಿಂದ ಹೋಗುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಪಕ್ಕದ ಮನೆಯವಳೊಬ್ಬಳು "ಯಾರಾದ್ರೂ ಕೇಳ್ಕೊಂಡು ಬಂದ್ರೆ ಒಂಚೂರು ತೋರಿಸಿ ಅಕ್ಕ" ಎಂದು ಕೊಟ್ಟುಹೋದ ಒಂದು ಬೀಗದಕೈಯಿಂದ ಶುರುವಾದ ದಂಧೆ ಅದು. ಬೋರ್ಡಿಲ್ಲ, ಆಫೀಸಿಲ್ಲ, ಕುರ್ಚಿ ಮೇಜಿಲ್ಲ. ಹೆಜ್ಜೆ ಹಾಕಿದಾಗ ಗೊಂಚಲು ಜಣಜಣ ಎನ್ನುತ್ತಿತ್ತು, ಬೀದಿಯ ಆ ತುದಿಯಲ್ಲಿದ್ದವರಿಗೂ ಯಾವುದೋ ಮನೆ ಕೈ ಬದಲಾಗುತ್ತಿದೆ ಎಂದು ಗೊತ್ತಾಗುತ್ತಿತ್ತು. ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಮನೆ ತೋರಿಸುವುದರಲ್ಲಿ ಅವಳಿಗೊಂದು ವಿದ್ಯೆ ಸಿದ್ಧಿಸಿತ್ತು. ಅದು ಹೊತ್ತಿನ ವಿದ್ಯೆ. ಕತ್ತಲೆ ಅಡುಗೆಮನೆಯೊಳಗೆ ಹತ್ತೂವರೆಯಿಂದ ಹನ್ನೊಂದರವರೆಗೆ ಮಾತ್ರ ಬಿಸಿಲು ಇಣುಕುತ್ತದೆಂದರೆ ಹತ್ತೂಮುಕ್ಕಾಲಿಗೆ ಅಲ್ಲಿ ಗಿರಾಕಿ ನಿಂತಿರುತ್ತಿದ್ದ. ನೀರಿನ ತಾಪತ್ರಯದ ಮನೆಯಾದರೆ ಬೆಳಿಗ್ಗೆ ಏಳಕ್ಕೆ, ನಲ್ಲಿ ಭೋರ್ಗರೆಯುವಾಗ. ಶಾಲೆಯ ಪಕ್ಕದ ಮನೆಯಾದರೆ ರಜೆ ಬಿಟ್ಟಾಗ. ಗೋಡೆಯಲ್ಲಿ ನೀರು ಜಿನುಗುವ ಮನೆಯಾದರೆ ಕಡು ಬೇಸಿಗೆಯಲ್ಲಿ. "ಮನೆಗೂ ಮನುಷ್ಯರ ಥರ ಒಂದು ಒಳ್ಳೆ ಹೊತ್ತು ಇರತ್ತೆ, ಆ ಹೊತ್ತಿಗೆ ಹೋಗಿ ಮಾತಾಡಿಸ್ಬೇಕು" ಎನ್ನುತ್ತಿದ್ದಳು. ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ದಪ್ಪ ಗಾಜಿನ ಹಿಂದಿನಿಂದಲೇ ನಗುತ್ತಿದ್ದ: "ನಾನು ನಿಂತ ಗಡಿಯಾರ ಓಡಿಸ್ತೀನಿ. ನೀನು ಓಡೋ ಗಡಿಯಾರನ ಒಂದು ಗಳಿಗೆ ಹಿಡಿದು ನಿಲ್ಲಿಸಿ ಮನೆ ಮಾರಿಬಿಡ್ತೀಯ ಕಣೇ." ಅವಳಿಗೆ ಅದು ಹೊಗಳಿಕೆ ಎನ್ನಿಸುತ್ತಿತ್ತು. ಒಂದೇ ಒಂದು ಮನೆಯ ವಿಷಯದಲ್ಲಿ ಹಾಗೆನ್ನಿಸುತ್ತಿರಲಿಲ್ಲ.

ಅದು ಟೀಚರ್ ಮನೆ.

ಒಂಬತ್ತು ವರ್ಷದ ಹಿಂದೆ, ಕೆಲಸದಿಂದ ನಿವೃತ್ತಿಯಾದ ಟೀಚರ್ ಮನೆ ಹುಡುಕಿಕೊಂಡು ಬಂದಿದ್ದರು. ಒಂಟಿ ಹೆಂಗಸು, ಮೆಲುಮಾತು. ಅವರಿಗೆ ಬೇಕಾಗಿದ್ದು ಒಂದೇ: ಮುಂದಿನ ಕೋಣೆ ದೊಡ್ಡದಿರಬೇಕು, ಶಾಂತವಾಗಿರಬೇಕು, ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವಂತಿರಬೇಕು. ಅಂಥ ಕೋಣೆಯಿದ್ದ ಮನೆಯೊಂದು ಬೀಗದಕ್ಕನ ಗೊಂಚಲಿನಲ್ಲಿ ಎರಡು ವರ್ಷದಿಂದ ತೂಗಾಡುತ್ತಿತ್ತು. ಅದರ ಗೋಡೆಗೆ ಆತುಕೊಂಡ ತಗಡಿನ ಶೆಡ್ಡಿನಲ್ಲಿ ಗೇಟು, ಕಿಟಕಿಯ ಗ್ರಿಲ್ಲು ಮಾಡುವ ವರ್ಕ್‌ಶಾಪ್. ಕಬ್ಬಿಣ ಕತ್ತರಿಸುವ ಮಷೀನು ಶುರುವಾದರೆ ಹಲ್ಲು ಜುಮ್ಮೆನ್ನುತ್ತಿತ್ತು. ನೋಡಲು ಬಂದವರೆಲ್ಲ ಬಾಗಿಲಿನಿಂದಲೇ ವಾಪಸ್. ವರ್ಕ್‌ಶಾಪಿಗೆ ವಾರದ ರಜೆ ಮಂಗಳವಾರ. ಬೀಗದಕ್ಕ ಟೀಚರನ್ನು ಮಂಗಳವಾರ ಕರೆದುಕೊಂಡು ಹೋದಳು.

ಬರೀ ಹೊತ್ತಿನ ವಿದ್ಯೆಯಾಗಿದ್ದರೆ ಇತರ ಮನೆಗಳ ಜೊತೆ ಇದನ್ನೂ ಮರೆತುಬಿಡುತ್ತಿದ್ದಳೋ ಏನೋ. ಆದರೆ ಟೀಚರ್ ಕಿಟಕಿಯಿಂದ ನೋಡಿ, "ಆ ಶೆಡ್ ಏನದು?" ಎಂದು ಕೇಳಿದರು. ಬೀಗದಕ್ಕ ಕಣ್ಣು ಮಿಟುಕಿಸದೆ, "ಗೋಡೌನು. ಯಾರೂ ಬರಲ್ಲ" ಎಂದುಬಿಟ್ಟಳು. ಮನೆ ಕೊಂಡು ಸೇರಿದ ಮೂರನೇ ದಿನ ಟೀಚರ್ ಇವಳ ಬಾಗಿಲಿಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ, ಅದೇ ಕಷ್ಟವಾಗಿದ್ದು. "ಅದು ಗೋಡೌನ್ ಅಲ್ವಂತೆ. ನಿಮಗೂ ಗೊತ್ತಿರ್ಲಿಲ್ಲ ಅಲ್ವಾ?" ಎಂದು ಕೇಳಿದರು. "ನನ್ನ ಕಣ್ಣಾಣೆಗೂ ಗೊತ್ತಿರ್ಲಿಲ್ಲ ಟೀಚರ್" ಎಂದಳು ಬೀಗದಕ್ಕ. ಟೀಚರ್ ತಲೆಯಾಡಿಸಿ, "ಪಾಪ, ನೀವಾದ್ರೂ ಏನ್ಮಾಡ್ತೀರಿ" ಎಂದು ಇವಳನ್ನೇ ಸಮಾಧಾನ ಮಾಡಿ ಹೋದರು. ಆವತ್ತಿನಿಂದ ಬೀಗದಕ್ಕ ಆ ಬೀದಿಗೆ ಹೋಗಬೇಕಾಗಿ ಬಂದರೆ ಗೊಂಚಲನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿ, ಸದ್ದಾಗದಂತೆ ಹಿಡಿದುಕೊಂಡು ದಾಟುತ್ತಿದ್ದಳು.

ಹೀಗೆ ಕಣ್ತಪ್ಪಿಸಿಕೊಂಡೇ ಆಯಸ್ಸು ಕಳೆದುಬಿಡುತ್ತಿತ್ತು. ಅಷ್ಟರಲ್ಲಿ ಹೊಸ ಕಾನೂನು ಬಂತು. ಮನೆ, ಸೈಟು ತೋರಿಸುವವರೆಲ್ಲ ಲೈಸೆನ್ಸ್ ಮಾಡಿಸಲೇಬೇಕು, ಇಲ್ಲದಿದ್ದರೆ ಒಂದು ಬಾಗಿಲನ್ನೂ ತೆರೆಯುವಂತಿಲ್ಲ. ಹಳಬರಿಗೆ ಓದಿನ ಸರ್ಟಿಫಿಕೇಟು ಬೇಡ, ಆದರೆ ಪರೀಕ್ಷೆ ಬರೆಯಬೇಕು. ಜೊತೆಗೊಂದು ಪತ್ರ: ಐದು ವರ್ಷಕ್ಕೂ ಹಿಂದೆ ಇವರ ಮೂಲಕ ಮನೆ ಕೊಂಡು ಈಗಲೂ ಅದೇ ಮನೆಯಲ್ಲಿರುವವರು, ಇವರು ನಂಬಿಕಸ್ತರು ಎಂದು ಕೈಯಾರೆ ಬರೆದುಕೊಡಬೇಕು. ಈ ನಿಯಮ ಮಾಡಿದವನು ಯಾರೋ ದಲ್ಲಾಳಿಗಳ ಹೊಟ್ಟೆಯೊಳಗೆ ಹೊಕ್ಕು ಬಂದವನೇ ಇರಬೇಕು. ಬೀಗದಕ್ಕ ಬೆರಳು ಮಡಚಿ ಎಣಿಸಿದಳು. ಅವಳ ಮೂಲಕ ಮನೆ ಕೊಂಡವರು ಬೇಕಾದಷ್ಟಿದ್ದರು. ಅದೇ ಮನೆಯಲ್ಲಿ ಈಗಲೂ ಇದ್ದವರು ಮೂವರು. ಅದರಲ್ಲಿ ಒಬ್ಬ ಇವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ, ಇನ್ನೊಬ್ಬಳಿಗೆ ಅಕ್ಷರ ಬರುತ್ತಿರಲಿಲ್ಲ.

ಮೂರನೆಯವರು ತಾವಾಗಿಯೇ ದಿನಸಿ ಅಂಗಡಿಯ ಮುಂದೆ ಹಿಡಿದು ನಿಲ್ಲಿಸಿದರು. "ಪರೀಕ್ಷೆ ಇದೆಯಂತಲ್ಲ? ದಿನಾ ನಾಲ್ಕು ಗಂಟೆಗೆ ಬನ್ನಿ, ನಾನು ಹೇಳಿಕೊಡ್ತೀನಿ. ಪತ್ರಾನೂ ಬರೆದುಕೊಡ್ತೀನಿ."

"ನಿಮಗ್ಯಾಕೆ ತೊಂದರೆ ಟೀಚರ್."

"ನನಗೇನು ತೊಂದರೆ? ಕೋಣೆ ಖಾಲೀನೇ ಬಿದ್ದಿದೆ."

ಆ ಕೋಣೆಗೆ ಒಂಬತ್ತು ವರ್ಷದ ಮೇಲೆ ಕಾಲಿಟ್ಟಾಗ ಬೀಗದಕ್ಕನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಗೋಡೆಗೆ ಕಪ್ಪು ಹಲಗೆ. ಅದರ ಮುಂದೆ ಎರಡು ಸಾಲು ಪುಟ್ಟ ಬೆಂಚುಗಳು. ಬೆಂಚಿನ ಮರಕ್ಕೆ ಗೀರು ಕೂಡ ಬಿದ್ದಿರಲಿಲ್ಲ. ಮಕ್ಕಳು ಬಂದಿದ್ದರಂತೆ, ಹನ್ನೊಂದು ಜನ. ಎರಡು ತಿಂಗಳು ಕಿವಿ ಮುಚ್ಚಿಕೊಂಡು ಲೆಕ್ಕ ಮಾಡಿ, ಒಬ್ಬೊಬ್ಬರಾಗಿ ಬಿಟ್ಟರಂತೆ. ಟೀಚರ್ ಇದನ್ನೆಲ್ಲ ದೂರಿನಂತೆ ಹೇಳಲಿಲ್ಲ. ಬೆಂಚಿನ ದೂಳು ಒರೆಸುತ್ತಾ, ಕೇಳಿದ್ದಕ್ಕೆ ಉತ್ತರ ಕೊಟ್ಟರು ಅಷ್ಟೆ. ಐವತ್ತಮೂರು ವರ್ಷದ ಬೀಗದಕ್ಕ ಮೊಣಕಾಲು ಎದೆಗೆ ತಾಗುವಂತೆ ಮೊದಲನೇ ಬೆಂಚಿನಲ್ಲಿ ಕೂತಳು. ಆ ಶಾಲೆಯಲ್ಲಿ ಕೊನೆಗೂ ಉಳಿದುಕೊಂಡ ವಿದ್ಯಾರ್ಥಿ ಅವಳೊಬ್ಬಳೇ.

ಗೋಡೆಯಾಚೆ ಮಷೀನು ಕಿರುಚಿತು. ಟೀಚರ್ ಪರೀಕ್ಷೆಯ ಪುಸ್ತಕದಲ್ಲಿ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದರು. ಮುಖದಲ್ಲಿ ಸಿಟ್ಟಿಲ್ಲ, ಬೇಜಾರಿಲ್ಲ. ಸದ್ದು ನಿಂತೊಡನೆ ಬಿಟ್ಟ ಪದದಿಂದಲೇ, ದನಿ ಕೂಡ ಏರಿಳಿಯದಂತೆ ಮುಂದುವರಿಸಿದರು. ಮತ್ತೆ ಕಿರುಚಿತು, ಮತ್ತೆ ಬೆರಳಿಟ್ಟರು. ಒಂದು ಗಂಟೆಯಲ್ಲಿ ನಲವತ್ತು ಸಲವಾದರೂ ಹಾಗೆ ನಿಂತರು. ದೇವರು ಬಂದು ಮಾತಾಡಿಸಿದರೂ ಟೀಚರ್ ಅವನ ಮಾತಿನ ಮಧ್ಯೆ ಬೆರಳಿಟ್ಟು ಕಾಯುತ್ತಿದ್ದರೇನೋ, ಅಷ್ಟು ಅಭ್ಯಾಸವಾಗಿಹೋಗಿತ್ತು. ಆ ಅಭ್ಯಾಸ ಮಾಡಿಸಿದವಳು ತಾನು ಎಂಬುದು ನಾಲ್ಕನೇ ಸಲ ಬೆರಳಿಟ್ಟಾಗ ಬೀಗದಕ್ಕನಿಗೆ ನೆಟ್ಟಗೆ ಎದೆಗೆ ಬಂದು ನಾಟಿತು.

ಪಾಠ ತಲೆಗೆ ಹತ್ತುವುದು ನಿಧಾನವಾಗಿತ್ತು. ಕ್ರಯಪತ್ರಕ್ಕೂ ಕರಾರುಪತ್ರಕ್ಕೂ ವ್ಯತ್ಯಾಸವನ್ನು ಮೂರು ದಿನ ಹೇಳಿಸಿಕೊಂಡಳು. ಸೈಟಿನ ಅಳತೆ ಹಾಕುವಾಗ ಒಂದು ಬದಿಯನ್ನೇ ಮರೆತುಬಿಟ್ಟು ಊರಿಗೊಂದು ಮೂರು ಮೂಲೆಯ ಮನೆ ಕಟ್ಟಿಸಿದಳು. ಎರಡನೇ ವಾರದಲ್ಲಿ ಏಳನೇ ಪಾಠ ಬಂತು: ದೋಷ ಮುಚ್ಚಿಡುವುದು. ಟೀಚರ್ ಅಭ್ಯಾಸದ ಪ್ರಶ್ನೆ ಓದಿದರು. "ಒಂದು ಮನೆಯ ಪಕ್ಕದಲ್ಲಿ ಸದ್ದು ಮಾಡುವ ಕಾರ್ಖಾನೆ ಇದೆ. ಏಜೆಂಟರು ಗಿರಾಕಿಯನ್ನು ಕಾರ್ಖಾನೆಯ ರಜೆಯ ದಿನವೇ ಕರೆತರುತ್ತಾರೆ. ಇದು, ಒಂದು, ವ್ಯಾಪಾರದ ಜಾಣ್ಮೆ. ಎರಡು, ಗಿರಾಕಿಯ ಅನುಕೂಲ. ಮೂರು..."

ಮಷೀನು ಶುರುವಾಯಿತು. ಟೀಚರ್ ಮೂರರ ಮೇಲೆ ಬೆರಳಿಟ್ಟು ಕೂತರು. ಆ ಗಲಾಟೆಯ ನಡುವೆ, ಯಾಕೆಂದು ತನಗೇ ತಿಳಿಯದೆ ಬೀಗದಕ್ಕ, "ನನಗೆ ಗೊತ್ತಿತ್ತು ಟೀಚರ್, ಗೊತ್ತಿದ್ದೇ ನಿಮ್ಮನ್ನ ಮಂಗಳವಾರ ಕರ್ಕೊಂಡು ಬಂದೆ" ಎಂದು ಹೇಳಿಯೇಬಿಟ್ಟಳು. ತನ್ನ ಮಾತು ತನಗೇ ಕೇಳಿಸಲಿಲ್ಲ.

ಸದ್ದು ನಿಂತಿತು. "ಏನೋ ಅಂದ್ರಲ್ಲ?" ಎಂದರು ಟೀಚರ್.

"ಏನಿಲ್ಲ. ಮೂರನೇದು ಅಂದೆ. ಮೂರನೇದೇ ಸರಿ."

"ಮೂರನೇದು ನಾನಿನ್ನೂ ಓದೇ ಇಲ್ಲ," ಟೀಚರ್ ನಕ್ಕರು. "ಮೋಸ ಅಂತ ಇದೆ. ಸರಿ ಉತ್ತರಾನೇ. ಇದೊಂದು ಪಾಠ ನೋಡಿ, ಹೇಳಿಕೊಡದೇನೇ ಬಂದುಬಿಡ್ತು ನಿಮಗೆ."

ಬೀಗದಕ್ಕನ ಕಿವಿಯವರೆಗೂ ಬಿಸಿ ಏರಿತು. ಸುಳ್ಳು ಹೇಳುವಾಗ ಕಿಟಕಿಯ ಹತ್ತಿರ ನಿಂತು ನೆಟ್ಟಗೆ ಹೇಳಿದ್ದಳು. ನಿಜ ಹೇಳುವಾಗ ಮಷೀನಿನ ಮರೆ ಹುಡುಕಿಕೊಂಡಿದ್ದಳು. ತನ್ನಂಥ ಹೇಡಿ ಈ ಬೀದಿಯಲ್ಲೇ ಇಲ್ಲ ಎಂದುಕೊಂಡು ಮನೆಗೆ ಬಂದಳು.

ಅರ್ಜಿ ಕೊಡುವ ಕೊನೆಯ ದಿನದ ಹಿಂದಿನ ಸಂಜೆ ಟೀಚರ್ ಪತ್ರ ಕೊಟ್ಟರು. ಮುತ್ತಿನಂಥ ಅಕ್ಷರ. ತಾವೇ ಓದಿ ಹೇಳಿದರು: "ಇವರು ತಮಗೆ ತಿಳಿದ ಯಾವ ವಿಷಯವನ್ನೂ ನನ್ನಿಂದ ಮುಚ್ಚಿಟ್ಟವರಲ್ಲ." ಬೀಗದಕ್ಕ ಅದನ್ನು ಮನೆಗೆ ತಂದು ಗಂಡನ ಮುಂದೆ ಇಟ್ಟಳು.

"ರೀ, ಇದನ್ನ ಕೊಡೋಕೆ ಮುಂಚೆ ಟೀಚರಿಗೆ ನಿಜ ಹೇಳಿಬಿಡ್ಲಾ?"

ಗಂಡ ಕಣ್ಣಿನ ಗಾಜು ತೆಗೆದ. "ಒಂಬತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು, ಕೊನೇ ತಾರೀಖಿನ ಹಿಂದಿನ ದಿನಾನೇ ಬೀಗದಕೈ ಸಿಕ್ತಾ ನಿನಗೆ? ಹೇಳಿದ್ರೆ ಪತ್ರ ವಾಪಸ್ ತಗೋತಾರೆ. ಲೈಸೆನ್ಸ್ ಇಲ್ಲ ಅಂದ್ರೆ ಆ ಗೊಂಚಲನ್ನೆಲ್ಲ ಮನೆಮನೆಗೆ ಹೋಗಿ ವಾಪಸ್ ಕೊಟ್ಟು ಬರಬೇಕಾಗತ್ತೆ. ಯೋಚನೆ ಮಾಡು."

ಯೋಚನೆ ಮಾಡಿದಳು. ಮಾಡಿ, ಪತ್ರವನ್ನು ಅರ್ಜಿಗೆ ಪಿನ್ನು ಹಾಕಿ ಸಲ್ಲಿಸಿದಳು. ಈ ಕಥೆಯಲ್ಲಿ ಅವಳ ಪರ ಮಾತಾಡಬೇಕೆಂದು ನಾನು ಎಷ್ಟು ಪ್ರಯತ್ನಪಟ್ಟರೂ ಇಲ್ಲಿಗೆ ಬಂದಾಗ ಬಾಯಿ ಕಟ್ಟಿಹೋಗುತ್ತದೆ.

ಪರೀಕ್ಷೆಯ ಹಾಲ್ ತಣ್ಣಗೆ, ನಿಶ್ಶಬ್ದವಾಗಿತ್ತು. ಅಷ್ಟು ನಿಶ್ಶಬ್ದದಲ್ಲಿ ಓದಿ ಅವಳಿಗೆ ಅಭ್ಯಾಸವಿರಲಿಲ್ಲ. ಮೊದಲ ಹತ್ತು ನಿಮಿಷ ಬೆರಳಿಟ್ಟುಕೊಂಡು ಯಾವುದೋ ಸದ್ದಿಗೆ ಕಾದಳು. ಕಾರ್ಖಾನೆಯ ಪ್ರಶ್ನೆಯೂ ಬಂತು. ಕಂಪ್ಯೂಟರಿನಲ್ಲಿ ಮೂರನೇ ಉತ್ತರ ಒತ್ತಿದಳು. ಪಾಸಾದಳು. ಫೋಟೋ ಇದ್ದ ಕಾರ್ಡು ಬಂದಾಗ ಗಂಡ ಅದಕ್ಕೊಂದು ಚೌಕಟ್ಟು ಹಾಕಿಸಿ, ಗೋಡೆಯ ಗಡಿಯಾರಗಳ ಮಧ್ಯೆ ತೂಗುಹಾಕಿದ. ಬೀಗದಕ್ಕ ಆ ಗೋಡೆಗೆ ಬೆನ್ನು ಮಾಡಿ ಊಟಕ್ಕೆ ಕೂರತೊಡಗಿದಳು.

ಕಾರ್ಡು ಬಂದ ಮೇಲೆ ಮೊದಲು ಬೀಗದಕೈ ತಂದುಕೊಟ್ಟವರು ಟೀಚರ್.

"ಕಿವಿಯೊಳಗೆ ಯಾವಾಗಲೂ ಗುಂಯ್ ಅನ್ನತ್ತೆ. ಮಷೀನು ನಿಂತಾಗಲೂ ನಿಲ್ಲಲ್ಲ. ಡಾಕ್ಟ್ರು ಜಾಗ ಬದಲಾಯಿಸಿ ಅಂದ್ರು. ತಂಗಿ ಮನೆ ಹತ್ತಿರ ಒಂದು ಸಣ್ಣ ಮನೆ ಇದೆ. ಇದನ್ನ ಮಾರಿಕೊಡಿ." ಇಷ್ಟು ಹೇಳಿ ಟೀಚರ್ ಸೀರೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದರು. ದನಿ ಇಳಿಯಿತು. "ಮಂಗಳವಾರ ಕರ್ಕೊಂಡು ಬನ್ನಿ. ತಪ್ಪು ಅಂತ ಗೊತ್ತು, ನಾನೇ ಪಾಠ ಮಾಡಿದೀನಿ. ಆದ್ರೆ ಬೇರೆ ದಿನ ಯಾರು ತಗೋತಾರೆ ಹೇಳಿ?"

ಟೀಚರ್ ಮುಖವನ್ನು ನೋಡಲು ಬೀಗದಕ್ಕನಿಂದ ಆಗಲಿಲ್ಲ. ಆ ನಾಚಿಕೆ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಅವಳ ಮನೆಯದೇ ಸಾಮಾನು ಇನ್ನೊಬ್ಬರ ಮನೆಯಲ್ಲಿ ಕಂಡಂತಿತ್ತು. ಬೇಡ ಎನ್ನುವ ಯೋಗ್ಯತೆ ತನಗಿಲ್ಲ ಅನ್ನಿಸಿತು. "ಆಗಲಿ ಟೀಚರ್" ಎಂದಳು.

ಮಂಗಳವಾರ ಒಂದು ಜೋಡಿಯನ್ನು ಕರೆತಂದಳು. ಗಂಡ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು, ಹಗಲು ಮಲಗುವವನು. ಹೆಂಡತಿ ಏಳು ತಿಂಗಳ ಬಸುರಿ. ಕೋಣೆ ನೋಡಿ ಇಬ್ಬರಿಗೂ ಖುಷಿಯಾಯಿತು. ಎಷ್ಟು ಪ್ರಶಾಂತವಾಗಿದೆ ಎಂದು ಮೆಲ್ಲಗೆ ಮಾತಾಡಿಕೊಂಡರು. ಆಮೇಲೆ ಆ ಹುಡುಗಿ ಕಿಟಕಿಯ ಹತ್ತಿರ ಹೋಗಿ, ಒಂಬತ್ತು ವರ್ಷದ ಹಿಂದೆ ಟೀಚರ್ ನಿಂತಿದ್ದ ಜಾಗದಲ್ಲೇ ನಿಂತು, "ಆ ಶೆಡ್ ಏನದು?" ಎಂದು ಕೇಳಿದಳು.

ಬೀಗದಕ್ಕ ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲೆ ಕೂತಿದ್ದ ಟೀಚರ್, ನೆಲ ನೋಡುತ್ತಾ, "ಗೋಡೌನು. ಯಾರೂ ಬರಲ್ಲ" ಎಂದರು.

ಅದೇ ಮಾತು. ಒಂದು ಅಕ್ಷರವೂ ಹೆಚ್ಚುಕಡಿಮೆಯಿಲ್ಲ. ಒಂದು ಜನ್ಮವೆಲ್ಲ ಮಕ್ಕಳಿಗೆ ನಿಜ ಹೇಳಿಕೊಟ್ಟ ಹೆಂಗಸಿನ ಬಾಯಲ್ಲಿ ಬೀಗದಕ್ಕನ ಸುಳ್ಳು ಬಂದು ಕೂತಿತ್ತು.

"ಅಲ್ಲ," ಎಂದಳು ಬೀಗದಕ್ಕ. "ಗ್ರಿಲ್ ವರ್ಕ್‌ಶಾಪ್. ಇವತ್ತು ರಜೆ. ನಾಳೆಯಿಂದ ಕಬ್ಬಿಣ ಕತ್ತರಿಸ್ತಾರೆ, ಬೆಳಿಗ್ಗೆಯಿಂದ ಸಂಜೇತನಕ. ನಿಮಗೆ ಹಗಲು ನಿದ್ದೆ ಬರಲ್ಲ ಸ್ವಾಮಿ, ಮಗೂಗೂ ಬರಲ್ಲ." ಹೇಳುತ್ತಾ ಅವಳು ತಿರುಗಿದ್ದು ಟೀಚರ್ ಕಡೆಗೆ. "ಒಂಬತ್ತು ವರ್ಷದ ಹಿಂದೆ ಇದೇ ಮನೇನ ನಾನು ಇವರಿಗೆ ಮಂಗಳವಾರ ತೋರಿಸಿದೆ. ಗೋಡೌನು ಅಂತ ಹೇಳಿದ್ದು ನಾನು. ಗೊತ್ತಿದ್ದೇ ಹೇಳಿದೆ. ಕಣ್ಣಾಣೆ ಹಾಕಿದ್ದೂ ಸುಳ್ಳೇ."

ಆವತ್ತು ಮರೆಗೆ ಯಾವ ಮಷೀನೂ ಇರಲಿಲ್ಲ. ಪ್ರತಿಯೊಂದು ಅಕ್ಷರವೂ ಕೇಳಿಸಿತು. ಆ ಜೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಏನೋ ಗೊಣಗಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಟೀಚರ್ ಮಾತಾಡಿದಾಗ ದನಿ ಏರಿರಲಿಲ್ಲ.

"ಒಂಬತ್ತು ವರ್ಷ ಜನ ನಿಮ್ಮನ್ನ ಬೈದಾಗೆಲ್ಲ ನಿಮ್ಮ ಪರ ವಾದ ಮಾಡಿದೀನಿ. ನನ್ನ ತಂಗಿ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ, ನಿಮ್ಮನ್ನ ಮೋಸಗಾತಿ ಅಂದಿದ್ಲು ಅಂತ."

ಬೀಗದಕ್ಕ ಗೊಂಚಲನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಅದೂ ಹೋಗಲಿ. ಆ ಪತ್ರ? ನನ್ನ ಕೈಯಲ್ಲಿ ಸುಳ್ಳು ಬರೆಸಿದ್ರಲ್ಲ ಬೀಗದಕ್ಕ. ಅದು ನನ್ನ ಅಕ್ಷರ."

"ಆಫೀಸಿಗೆ ಇನ್ನೊಂದು ಪತ್ರ ಬರೆದುಬಿಡಿ ಟೀಚರ್. ನಾನೇ ತಗೊಂಡು ಹೋಗಿ ಕೊಡ್ತೀನಿ."

"ಬರೀತೀನೋ ಬಿಡ್ತೀನೋ, ಮನೆ ಮಾರಿದ ಮೇಲೆ ಯೋಚನೆ ಮಾಡ್ತೀನಿ." ಟೀಚರ್ ಎದ್ದು ಕಿಟಕಿಯನ್ನು ಪೂರ್ತಿ ತೆರೆದರು. "ಇನ್ನು ಮಂಗಳವಾರ ಯಾರನ್ನೂ ಕರ್ಕೊಂಡು ಬರಬೇಡಿ. ನಾಲ್ಕು ಗಂಟೆಗೆ ಬನ್ನಿ, ಅವರು ಜೋರಾಗಿ ಕೆಲಸ ಮಾಡೋ ಹೊತ್ತಿಗೆ. ಬಂದವರಿಗೆಲ್ಲ ಈಗ ಹೇಳಿದ್ರಲ್ಲ, ಅಷ್ಟನ್ನೂ ಹೇಳಿ. ನನ್ನೆದುರಿಗೇ ಹೇಳಿ."

ಅಲ್ಲಿಂದ ಮುಂದೆ ಬೀಗದಕ್ಕ ನಾಲ್ಕು ಗಂಟೆಗೇ ಜನರನ್ನು ಕರೆತಂದಳು, ಗೊಂಚಲು ಜಣಜಣಿಸುತ್ತಿದ್ದರೂ ಮುಚ್ಚಿಕೊಳ್ಳದೆ. ಹೊಸಬರ ಮುಂದೆ ನಿಂತು ತನ್ನ ಮಾನವನ್ನು ತಾನೇ ಕಳೆದುಕೊಳ್ಳುವುದು ಎರಡನೇ ಸಲಕ್ಕೆ ಸುಲಭವಾಗಬಹುದು ಎಂದುಕೊಂಡಿದ್ದಳು, ಆಗಲಿಲ್ಲ. ಏಳನೇ ಸಲಕ್ಕೂ ಆಗಲಿಲ್ಲ. ಕೇಳಿದವರಲ್ಲಿ ಕೆಲವರು ನಕ್ಕರು, ಒಬ್ಬಾಕೆ ಛೀ ಎಂದಳು, ಇನ್ನೊಬ್ಬ ಇವಳ ಕಾರ್ಡಿನ ನಂಬರು ಬರೆದುಕೊಂಡು ಹೋದ. ಟೀಚರ್ ಮೊದಲನೇ ಬೆಂಚಿನಲ್ಲಿ, ಬೀಗದಕ್ಕ ಕೂತು ಓದಿದ ಜಾಗದಲ್ಲಿ ಕೂತು ಕೇಳುತ್ತಿದ್ದರು. ಹೇಳಿ ಮುಗಿದ ಮೇಲೆ ಅವಳಿಗೆ ಒಂದು ಲೋಟ ನೀರು ಕೊಡುತ್ತಿದ್ದರು.

ಎಂಟನೆಯ ಸಲ ಬಂದವರು ಅಪ್ಪ, ಮಗಳು. ಬೀಗದಕ್ಕ ಶುರುಮಾಡಿದಳು. "ಪಕ್ಕದಲ್ಲಿರೋದು ವರ್ಕ್‌ಶಾಪ್. ಒಂಬತ್ತು ವರ್ಷದ ಹಿಂದೆ ನಾನು ಈ ಟೀಚರಿಗೆ ರಜೆ ದಿನ ನೋಡಿ ಮನೆ ತೋರಿಸಿದೆ. ಅದು ಗೋಡೌನು ಅಂತ..."

ಮಷೀನು ಕಿರುಚಿತು. ಅವಳು ನಿಲ್ಲಿಸಿದಳು. ಅಪ್ಪ ಮಗಳು ಕಿವಿ ಮುಚ್ಚಿಕೊಂಡು ಒಳಗಿನ ಕೋಣೆಯತ್ತ ಹೆಜ್ಜೆ ಹಾಕಿದರು. ಹಾಗೇ ಹೋಗಿಬಿಡಲಿ, ಇದೊಂದು ಸಲ ಇಷ್ಟಕ್ಕೇ ಮುಗಿಯಲಿ ಎಂದು ಬೀಗದಕ್ಕನ ಮನಸ್ಸು ಒಳಗೊಳಗೇ ಬೇಡಿಕೊಂಡಿತು.

ಸದ್ದು ನಿಂತಿತು. ಟೀಚರ್ ಬೆಂಚಿನ ಮರದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

"ಗೋಡೌನು ಅಂತ," ಎಂದರು. "ಅಲ್ಲಿಗೆ ನಿಂತಿತ್ತು. ಮುಂದೆ ಹೇಳಿ."

ಅಪ್ಪ ಮಗಳು ಬಾಗಿಲಲ್ಲೇ ತಿರುಗಿ ನಿಂತರು.

"ಗೋಡೌನು ಅಂತ ಸುಳ್ಳು ಹೇಳಿದ್ದೆ," ಎಂದಳು ಬೀಗದಕ್ಕ.